ಕಾರಿನ ಕಟಕಟ: ‘ಎಲ್ಲಿ’ ಎನ್ನುವ ಮೊದಲು ‘ಯಾವಾಗ’ ಎಂದು ಕೇಳಿ

ಎಂಜಿನ್ನಿನ ಸದ್ದು, ಟೈರಿನ ಸದ್ದು ಕಾರು ಓಡಿಸುವವರಿಗೆ ಅಭ್ಯಾಸವಾಗಿಬಿಡುತ್ತದೆ. ಅಭ್ಯಾಸವಾಗದೆ ಕಾಡುವುದು ಹೊಸದಾಗಿ ಶುರುವಾದ ಒಂದು ಸಣ್ಣ ಕಟಕಟ. ಒಮ್ಮೆ ಕಿವಿಗೆ ಬಿದ್ದರೆ ಮುಗಿಯಿತು, ಪಕ್ಕದಲ್ಲಿ ಕೂತವರ ಮಾತು ಅರ್ಧ ಕೇಳುತ್ತದೆ, ಮನಸ್ಸು ಮುಂದಿನ ಹೊಂಡಕ್ಕೆ ಕಾಯುತ್ತಿರುತ್ತದೆ. ಬಹಳ ಜನ ಹಾಡಿನ ವಾಲ್ಯೂಮ್ ಏರಿಸಿ ಸುಮ್ಮನಾಗುತ್ತಾರೆ. ಇನ್ನು ಕೆಲವರು ಗ್ಯಾರೇಜಿಗೆ ಹೋಗಿ, ‘ಡ್ಯಾಶ್‌ಬೋರ್ಡಿಂದ ಏನೋ ಶಬ್ದ ಬರ್ತಿದೆ, ನೋಡಿ’ ಎಂದು ಕೀ ಕೊಟ್ಟು ಬರುತ್ತಾರೆ. ಸಂಜೆ ಕಾರು ವಾಪಸ್ ಬರುತ್ತದೆ, ಕಟಕಟವೂ ಅದರ ಜತೆಗೇ ಬರುತ್ತದೆ.

ಇಲ್ಲಿ ತಪ್ಪುವುದು ಮೆಕ್ಯಾನಿಕ್ ಒಬ್ಬನೇ ಅಲ್ಲ. ಸದ್ದು ಎಲ್ಲಿಂದ ಬರುತ್ತಿದೆ ಎಂದು ನಮ್ಮ ಕಿವಿ ಹೇಳುವ ಮಾತನ್ನು ಕಾರಿನೊಳಗೆ ಕೂತಾಗ ನಂಬುವ ಹಾಗಿಲ್ಲ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗಿದರೆ ಉಕ್ಕಿನಲ್ಲಿ ಸುಮಾರು 5,000 ಮೀಟರ್ ಸಾಗುತ್ತದೆ. ಮುಂದಿನ ಚಕ್ರದ ಹತ್ತಿರ ಬಡಿದ ಪೆಟ್ಟು ಬಾಡಿಯ ತಗಡಿನೊಳಗೆ ಹರಿದು ಬಂದು ಡ್ಯಾಶ್‌ಬೋರ್ಡಿನ ಅಗಲವಾದ ಪ್ಲಾಸ್ಟಿಕ್ಕನ್ನು ನಡುಗಿಸುತ್ತದೆ. ನಮಗೆ ಕೇಳುವುದು ಆ ಪ್ಲಾಸ್ಟಿಕ್ಕಿನ ನಡುಕ. ಎಡಗಿವಿಗೂ ಬಲಗಿವಿಗೂ ಶಬ್ದ ಮುಟ್ಟುವ ಹೊತ್ತಿನಲ್ಲಿ ಸೆಕೆಂಡಿನ ಸಾವಿರದ ಒಂದು ಭಾಗಕ್ಕೂ ಕಡಿಮೆ ಅಂತರವಿರುತ್ತದೆ, ಮೆದುಳು ಆ ಅಂತರ ನೋಡಿಯೇ ದಿಕ್ಕು ಅಂದಾಜು ಮಾಡುತ್ತದೆ. ಸುತ್ತಲೂ ಗಾಜಿರುವ ಸಣ್ಣ ಗೂಡಿನಲ್ಲಿ ಅದೇ ಶಬ್ದ ನಾಲ್ಕು ಕಡೆಯಿಂದ ತಿರುಗಿ ಬಡಿಯುವಾಗ ಈ ಲೆಕ್ಕ ತಪ್ಪುತ್ತದೆ. ಹಿಂದಿನ ಡೋರಿನ ಸದ್ದು ಮುಂದಿನ ಕಂಬದಿಂದ ಬಂದಂತೆ, ಸಸ್ಪೆನ್ಷನ್ನಿನ ಪೆಟ್ಟು ಗ್ಲೋವ್ ಬಾಕ್ಸಿನಿಂದ ಬಂದಂತೆ ಅನ್ನಿಸುವುದು ಇದರಿಂದಲೇ.

ಹಾಗಾಗಿ ‘ಎಲ್ಲಿ’ ಎನ್ನುವ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಬೇಕು. ಮೊದಲು ಕೇಳಬೇಕಾದ್ದು ‘ಯಾವಾಗ’. ಬೆಳಿಗ್ಗೆ ತಣ್ಣಗಿದ್ದಾಗಲೋ, ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿ ತೆಗೆದಾಗಲೋ? ನೇರ ಹೋಗುವಾಗಲೋ, ಸ್ಟೇರಿಂಗ್ ತಿರುಗಿಸಿದಾಗಲೋ? ಬ್ರೇಕ್ ಒತ್ತಿದಾಗ ಬರುತ್ತದೋ, ಒತ್ತಿದಾಗ ನಿಲ್ಲುತ್ತದೋ? ಎರಡೂ ಚಕ್ರ ಒಟ್ಟಿಗೆ ಹಂಪ್ ಹತ್ತಿದಾಗಲೋ, ಒಂದೇ ಚಕ್ರ ಹೊಂಡಕ್ಕೆ ಇಳಿದಾಗಲೋ? ಇಷ್ಟಕ್ಕೆ ಸರಿಯಾಗಿ ಉತ್ತರ ಸಿಕ್ಕರೆ ಹುಡುಕುವ ಜಾಗ ಅಂಗೈಯಷ್ಟಕ್ಕೆ ಇಳಿಯುತ್ತದೆ.

ಮೊದಲ ವಿಂಗಡಣೆ ತುಂಬ ಸುಲಭ. ಕಾರನ್ನು ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು ಆಕ್ಸಲರೇಟರ್ ಮೆಲ್ಲಗೆ ಒತ್ತಿ. ಸದ್ದು ಬಂದರೆ ಅದು ಎಂಜಿನ್ ಅಥವಾ ಸೈಲೆನ್ಸರ್ ಕಡೆಯದು, ಚಕ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಓಡುವಾಗ ಮಾತ್ರ ಬರುವ ಸದ್ದಾದರೆ ಖಾಲಿ ರಸ್ತೆಯಲ್ಲಿ ಒಂದೇ ವೇಗ ಹಿಡಿದುಕೊಂಡು ನಾಲ್ಕನೇ ಗೇರಿನಿಂದ ಮೂರಕ್ಕೆ ಬನ್ನಿ. ಎಂಜಿನ್ ಜೋರಾಗಿ ತಿರುಗುತ್ತದೆ, ಚಕ್ರದ ವೇಗ ಮಾತ್ರ ಹಾಗೇ ಇರುತ್ತದೆ. ಸದ್ದಿನ ಸ್ವರ ಬದಲಾಗದಿದ್ದರೆ ಚಕ್ರ, ಬೇರಿಂಗ್, ಟೈರ್ ಕಡೆ ಹುಡುಕಬೇಕು. ಕ್ಲಚ್ಚಿಗೂ ಇಂಥದೇ ಪರೀಕ್ಷೆ ಇದೆ. ಕ್ಲಚ್ ಒತ್ತಿದಾಗ ಗೊರಗೊರ ಶುರುವಾದರೆ ರಿಲೀಸ್ ಬೇರಿಂಗ್ ಮೇಲೆ ಅನುಮಾನ. ಬಿಟ್ಟಾಗ ಬಂದು ಒತ್ತಿದಾಗ ನಿಂತರೆ ಗೇರ್ ಬಾಕ್ಸಿನೊಳಗಿನ ಬೇರಿಂಗ್ ಮೇಲೆ. ಯಾವ ಉಪಕರಣವೂ ಬೇಡ.

ಬಿಚ್ಚುವ ಕೆಲಸಕ್ಕೆ ಮೊದಲು ಖಾಲಿ ಮಾಡುವ ಕೆಲಸ. ಡೋರ್ ಪಾಕೆಟ್ಟಿನ ನೀರಿನ ಬಾಟಲಿ, ಕನ್ನಡಕದ ಡಬ್ಬಿ, ಚಿಲ್ಲರೆ ಕಾಸು, ಸೀಟಿನಡಿ ಉರುಳಿದ ಪೆನ್ನು, ಎಲ್ಲ ಹೊರಗೆ ಬರಲಿ. ಡಿಕ್ಕಿಯಲ್ಲಿ ಸ್ಟೆಪ್ನಿಯನ್ನು ಹಿಡಿದಿಡುವ ಬೋಲ್ಟ್ ಬಿಗಿಯಾಗಿದೆಯೇ, ಜಾಕ್ ಅದರ ಗೂಡಿನಲ್ಲಿ ಗಟ್ಟಿಯಾಗಿ ಕೂತಿದೆಯೇ ನೋಡಿ. ಪಂಕ್ಚರ್ ಹಾಕಿಸಿದ ಮೇಲೆ ಜಾಕನ್ನು ಹಾಗೇ ಎಸೆದಿರುತ್ತಾರೆ, ಅದು ಪ್ರತಿ ಹೊಂಡಕ್ಕೂ ದಡ್ ಎನ್ನುತ್ತಿರುತ್ತದೆ. ಹಿಂದಿನ ಸೀಟು ಮಡಚಿ ಮತ್ತೆ ನಿಲ್ಲಿಸುವಾಗ ಲಾಕ್ ಪೂರ್ತಿ ಬೀಳದಿದ್ದರೂ ಅದೇ ಪಾಡು. ಯಾರೂ ಕೂರದ ಸೀಟಿನ ಬೆಲ್ಟಿನ ಬಕಲ್ ಡೋರಿನ ಕಂಬಕ್ಕೆ ತಾಗಿ ಟಕ್ ಟಕ್ ಎನ್ನುತ್ತದೆ. ನಂಬರ್ ಪ್ಲೇಟನ್ನು ಬೆರಳಲ್ಲಿ ತಟ್ಟಿ ನೋಡಿ; ಪ್ಲೇಟಿಗೂ ಬಾಡಿಗೂ ನಡುವೆ ಎರಡು ಚೂರು ಫೋಮ್ ಅಂಟಿಸಿದರೆ ಡಿಕ್ಕಿಯ ಬಾಗಿಲು ಮುಚ್ಚುವಾಗ ಬರುವ ತಗಡಿನ ಸದ್ದು ಹೋಗುತ್ತದೆ. ಖಾಲಿ ಮಾಡಿದ ಕಾರನ್ನು ಅದೇ ರಸ್ತೆಯಲ್ಲಿ ಮತ್ತೊಮ್ಮೆ ಓಡಿಸಿ. ಅರ್ಧದಷ್ಟು ದೂರುಗಳು ಇಲ್ಲೇ ಮುಗಿಯುತ್ತವೆ ಎಂಬುದು ನನ್ನ ಅನುಭವ.

ಉಳಿದದ್ದರಲ್ಲಿ ಒಳಗಿನ ಪ್ಲಾಸ್ಟಿಕ್ಕಿನ ಸದ್ದು ಮನಸ್ಸಿಗೆ ಹೆಚ್ಚು ಕಿರಿಕಿರಿ ಮಾಡುತ್ತದೆ, ಕಾರಿಗೆ ಏನೂ ಮಾಡುವುದಿಲ್ಲ. ಇದರಲ್ಲಿ ಎರಡು ಬಗೆ. ಸಡಿಲವಾದ ಭಾಗ ಪಕ್ಕದ್ದಕ್ಕೆ ಬಡಿದರೆ ಕಟಕಟ, ಬಿಗಿಯಾಗಿ ಒತ್ತಿಕೊಂಡ ಎರಡು ಭಾಗಗಳು ಒಂದರ ಮೇಲೊಂದು ಜಾರಿದರೆ ಕಿರಕಿರ. ಈ ಎರಡನೆಯದು ಪಿಟೀಲಿನ ಕಮಾನು ತಂತಿಯ ಮೇಲೆ ಮಾಡುವ ಕೆಲಸವೇ. ಮೇಲ್ಮೈ ಅಂಟಿಕೊಳ್ಳುತ್ತದೆ, ಎಳೆತ ಹೆಚ್ಚಾದಾಗ ತಟ್ಟನೆ ಜಾರುತ್ತದೆ, ಮತ್ತೆ ಅಂಟಿಕೊಳ್ಳುತ್ತದೆ, ಸೆಕೆಂಡಿಗೆ ನೂರಾರು ಸಲ. ಪ್ಲಾಸ್ಟಿಕ್ ಬಿಸಿಗೆ ಉಕ್ಕಿಗಿಂತ ಹಲವು ಪಟ್ಟು ಹೆಚ್ಚು ಹಿಗ್ಗುತ್ತದೆ. ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಹಿಗ್ಗಿ, ಕ್ಲಿಪ್ಪುಗಳ ಮೇಲೆ ಒತ್ತಿ, ಎ.ಸಿ. ಹಾಕಿದ ಮೇಲೆ ಕುಗ್ಗುತ್ತಾ ಚಿಟ್ ಚಿಟ್ ಎನ್ನುವುದು ಸಹಜ. ಮಡಿಕೇರಿಯ ಚಳಿಯ ಬೆಳಗಿನಲ್ಲಿ ಅದೇ ಕಾರಿನ ಕ್ಲಿಪ್ಪುಗಳು ಸಡಿಲವಾಗಿ ಕಟಕಟ ಎನ್ನಬಹುದು. ತಾಪಮಾನ ಬದಲಾದಾಗ ಬರುವ, ಹೋಗುವ ಸದ್ದು ಬಹುಪಾಲು ಪ್ಲಾಸ್ಟಿಕ್ಕಿನದೇ.

ಇದನ್ನು ಹುಡುಕಲು ಇಬ್ಬರು ಬೇಕು. ಓಡಿಸುವವರು ಸ್ಟೇರಿಂಗಿನಿಂದ ಕೈ ತೆಗೆಯಬಾರದು, ಹುಡುಕುವ ಕೆಲಸ ಪಕ್ಕದವರದು. ಸದ್ದು ಬರುತ್ತಿರುವಾಗಲೇ ಎ.ಸಿ. ಕಿಂಡಿಯ ಚೌಕಟ್ಟು, ಸ್ಪೀಕರ್ ಜಾಲರಿ, ಗಾಜಿನ ಪಕ್ಕದ ಕಂಬದ ಹೊದಿಕೆ, ಗ್ಲೋವ್ ಬಾಕ್ಸಿನ ಬಾಗಿಲು, ಹೀಗೆ ಒಂದೊಂದನ್ನೇ ಅಂಗೈಯಿಂದ ಗಟ್ಟಿಯಾಗಿ ಒತ್ತುತ್ತಾ ಹೋಗಬೇಕು. ಎಲ್ಲಿ ಒತ್ತಿದಾಗ ಸದ್ದು ನಿಲ್ಲುತ್ತದೋ ಅದರ ಅಂಚಿಗೆ ಫೆಲ್ಟ್ ಟೇಪ್ ಸಾಕು, ಒಳಗೆ ವೈರಿನ ಕಟ್ಟು ಬಡಿಯುತ್ತಿದ್ದರೆ ಅದಕ್ಕೆ ಬಟ್ಟೆಯ ಟೇಪ್ ಸುತ್ತಿದರಾಯಿತು. ಡೋರಿನ ರಬ್ಬರು ಕಿರುಗುಟ್ಟಿದರೆ ಒರೆಸಿ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಿ. ಕಾಗದದ ಚೂರನ್ನು ಸಂದಿಗೆ ತುರುಕುವುದನ್ನು ಮಾತ್ರ ಮಾಡಬೇಡಿ. ಸಂದಿ ಅಗಲವಾಗಿ ಕ್ಲಿಪ್ ಸೋಲುತ್ತದೆ, ಸದ್ದು ಇನ್ನೊಂದು ಮೂಲೆಗೆ ಹೋಗುತ್ತದೆ. ಏರ್‌ಬ್ಯಾಗ್ ಇರುವ ಕಂಬ, ಸ್ಟೇರಿಂಗ್, ಡ್ಯಾಶ್‌ಬೋರ್ಡಿನ ಎಡಭಾಗ ಇವುಗಳ ಹೊದಿಕೆಯನ್ನು ಮನೆಯಲ್ಲಿ ಬಿಚ್ಚಬಾರದು, ಅದರ ಮೇಲೆ ಏನನ್ನೂ ಅಂಟಿಸಲೂ ಬಾರದು.

ನಾನು ಹೆಚ್ಚು ಹೇಳಬೇಕೆಂದಿರುವುದು ಕಾರಿನ ಅಡಿಯ ಬಗ್ಗೆ. ನಮ್ಮ ರಸ್ತೆಗಳು ಕೆಡಿಸುವುದು ಅದನ್ನೇ.

ಹಾಸನದ ಗೆಳೆಯರೊಬ್ಬರ ಸಣ್ಣ ಕಾರಿನಲ್ಲಿ ಗ್ಲೋವ್ ಬಾಕ್ಸಿನ ಹಿಂದಿನಿಂದ ಕಟ್ ಕಟ್ ಎಂದು ಕೇಳುತ್ತಿತ್ತು. ಅವರು ಗ್ಲೋವ್ ಬಾಕ್ಸ್ ಬಿಚ್ಚಿಸಿ ಫೋಮ್ ತುಂಬಿಸಿದ್ದರು. ಸದ್ದು ಹಾಗೇ ಇತ್ತು. ಅವರ ಜತೆ ಕೂತು ಬಡಾವಣೆಯಲ್ಲಿ ಒಂದು ಸುತ್ತು ಹೋದಾಗ ವಿಷಯ ತಿಳಿಯಿತು. ರಸ್ತೆಗೆ ಅಡ್ಡಲಾಗಿದ್ದ ದೊಡ್ಡ ಹಂಪನ್ನು ದಾಟಿದಾಗ ಏನೂ ಇಲ್ಲ. ನಿಧಾನವಾಗಿ ಹೋಗುತ್ತಾ ಎಡಚಕ್ರ ಒಂದು ಸಣ್ಣ ಹೊಂಡಕ್ಕೆ ಇಳಿದಾಗ ಕಟ್, ಮೇಲೆ ಬಂದಾಗ ಮತ್ತೆ ಕಟ್. ಈ ಒಂದು ವ್ಯತ್ಯಾಸವೇ ಸಾಕು. ಕಾರು ತಿರುವಿನಲ್ಲಿ ಒಂದೇ ಕಡೆಗೆ ವಾಲದಂತೆ ಎಡ ಬಲದ ಚಕ್ರಗಳ ನಡುವೆ ಒಂದು ಉಕ್ಕಿನ ಸರಳು ಇರುತ್ತದೆ. ಅದನ್ನು ಚಕ್ರದ ಕಡೆಯ ಶಾಕ್ ಅಬ್ಸಾರ್ಬರಿಗೋ, ಚಕ್ರವನ್ನು ಕಾರಿಗೆ ಹಿಡಿದಿಡುವ ಆರ್ಮಿಗೋ ಜೋಡಿಸುವ ಗೇಣುದ್ದದ ಕಡ್ಡಿಯೇ ಗ್ಯಾರೇಜಿನವರು ಹೇಳುವ ಲಿಂಕ್ ರಾಡ್. ಎರಡೂ ಚಕ್ರ ಒಟ್ಟಿಗೆ ಮೇಲೆದ್ದರೆ ಸರಳು ತಿರುಚಿಕೊಳ್ಳುವುದಿಲ್ಲ, ಲಿಂಕ್ ರಾಡಿಗೆ ಕೆಲಸವಿಲ್ಲ. ಒಂದೇ ಚಕ್ರ ಎದ್ದಾಗ ಸರಳು ತಿರುಚುತ್ತದೆ, ಸವೆದ ಲಿಂಕ್ ರಾಡಿನ ತುದಿಯಲ್ಲಿರುವ ಸಣ್ಣ ಗುಂಡು ಅದರ ಬಟ್ಟಲಿನೊಳಗೆ ಬಡಿಯುತ್ತದೆ.

ಮನೆಗೆ ಬಂದು ಕಾರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಸ್ಟೇರಿಂಗನ್ನು ಪೂರ್ತಿ ಒಂದು ಕಡೆ ತಿರುಗಿಸಿ ಎಂಜಿನ್ ಆರಿಸಿದೆವು. ಟೈರಿನ ಹಿಂದೆ ಕೈ ಹಾಕುವಷ್ಟು ಜಾಗ ಸಿಕ್ಕಿತು. ಲಿಂಕ್ ರಾಡನ್ನು ಮುಷ್ಟಿಯಲ್ಲಿ ಹಿಡಿದು ಹಿಂದೆ ಮುಂದೆ ಅಲುಗಿಸಿದಾಗ ಒಳಗೆ ಗುಂಡು ಬಡಿಯುವುದು ಅಂಗೈಗೇ ತಾಗಿತು, ಅದರ ಸದ್ದು ಥೇಟ್ ಗ್ಲೋವ್ ಬಾಕ್ಸಿನ ಸದ್ದು. ರಬ್ಬರ್ ಟೊಪ್ಪಿಗೆ ಹರಿದು, ಗ್ರೀಸ್ ಇದ್ದ ಜಾಗದಲ್ಲಿ ಕೆಂಪು ಮಣ್ಣು ಸೇರಿ ಗಟ್ಟಿಯಾಗಿತ್ತು. ಎರಡೂ ಕಡೆಯದನ್ನು ಒಟ್ಟಿಗೆ ಹಾಕಿಸಿದರು. ಸಣ್ಣ ಕಾರಿಗೆ ಇದು ದೊಡ್ಡ ಖರ್ಚಿನ ಭಾಗವಲ್ಲ, ಹಾಕುವ ಕೆಲಸವೂ ಸಣ್ಣದು.

ಲಿಂಕ್ ರಾಡಿನ ನಂತರದ ಸರದಿ ಲೋವರ್ ಆರ್ಮಿನ ಬುಷ್‌ಗಳದು. ಬ್ರೇಕ್ ಒತ್ತಿದಾಗ ಒಂದು ದಡ್, ಬಿಟ್ಟು ಮುಂದೆ ಹೋಗುವಾಗ ಇನ್ನೊಂದು ದಡ್ ಬಂದರೆ ಆರ್ಮ್ ತನ್ನ ಬುಷ್‌ನಲ್ಲಿ ಹಿಂದೆ ಮುಂದೆ ಸರಿಯುತ್ತಿದೆ ಎಂದರ್ಥ. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಬಾನೆಟ್ಟಿನ ಕೆಳಗೆ ಸ್ಪ್ರಿಂಗ್ ಟೊಂಯ್ ಎಂದು ಮಿಡಿದರೆ ಶಾಕ್ ಅಬ್ಸಾರ್ಬರಿನ ಮೇಲ್ತುದಿಯ ಮೌಂಟ್, ಅದರೊಳಗಿನ ಬೇರಿಂಗ್ ಹೋಗಿದೆ. ರಬ್ಬರ್ ಬುಷ್ ಕಿರುಗುಟ್ಟುತ್ತಿದೆಯೇ ಎಂದು ತಿಳಿಯಲು ಅದರ ಮೇಲೆ ಸ್ವಲ್ಪ ನೀರು ಚಿಮುಕಿಸಿ, ಯಾರನ್ನಾದರೂ ಬಾನೆಟ್ ಒತ್ತಿ ಬಿಡಲು ಹೇಳಿ. ಸದ್ದು ಸ್ವಲ್ಪ ಹೊತ್ತು ನಿಂತರೆ ಕಳ್ಳ ಸಿಕ್ಕ ಹಾಗೆ. ನೋಡುವ ಆಸೆಗೆ ಬರೀ ಜಾಕಿನ ಮೇಲೆ ನಿಂತ ಕಾರಿನ ಅಡಿಗೆ ಮಾತ್ರ ಯಾರೂ ನುಗ್ಗಬಾರದು. ಪಿಟ್ ಅಥವಾ ಲಿಫ್ಟ್ ಇರುವ ಕಡೆಯೇ ಅದನ್ನು ನೋಡಬೇಕು.

ಬುಷ್ ಬದಲಿಸುವಾಗ ನಡೆಯುವ ಒಂದು ಲೋಪವನ್ನು ಇಲ್ಲಿ ಹೇಳಲೇಬೇಕು. ಈ ಬುಷ್‌ನಲ್ಲಿ ಒಳಗೊಂದು, ಹೊರಗೊಂದು ಉಕ್ಕಿನ ಕೊಳವೆ, ನಡುವೆ ಅಂಟಿಸಿದ ರಬ್ಬರು. ಕಾರು ಲಿಫ್ಟಿನ ಮೇಲೆ ನೇತಾಡುವಾಗ ಆರ್ಮ್ ಕೆಳಗೆ ಜೋತುಬಿದ್ದಿರುತ್ತದೆ. ಆ ಸ್ಥಿತಿಯಲ್ಲೇ ಬೋಲ್ಟನ್ನು ಪೂರ್ತಿ ಬಿಗಿದರೆ, ಕಾರು ನೆಲಕ್ಕಿಳಿದು ಆರ್ಮ್ ಮೇಲೆದ್ದ ಕೂಡಲೇ ರಬ್ಬರು ತಿರುಚಿಕೊಳ್ಳುತ್ತದೆ, ಆಮೇಲೆ ಹಗಲೂ ರಾತ್ರಿ ತಿರುಚಿಕೊಂಡೇ ಇರುತ್ತದೆ. ಹೊಸ ಬುಷ್ ಬೇಗನೆ ಕಿರುಗುಟ್ಟಿ ಹರಿಯುವುದು ಇದರಿಂದ. ಚಕ್ರದ ಮೇಲೆ ಕಾರಿನ ಭಾರ ಬಿದ್ದ ಮೇಲೆಯೇ ಕೊನೆಯ ಬಿಗಿತ ಕೊಡಬೇಕು. ‘ಭಾರ ಇಳಿಸಿ ಟೈಟ್ ಮಾಡ್ತೀರಲ್ವಾ ಅಣ್ಣ?’ ಎಂದು ಮೊದಲೇ ಕೇಳಿಬಿಡಿ, ಕೆಲಸ ಗೊತ್ತಿರುವ ಮೆಕ್ಯಾನಿಕ್ಕಿಗೆ ಈ ಪ್ರಶ್ನೆಯಿಂದ ಸಂತೋಷವೇ ಆಗುತ್ತದೆ. ಆರ್ಮ್ ಬಿಚ್ಚಿ ಹಾಕಿದ ಮೇಲೆ ವೀಲ್ ಅಲೈನ್‌ಮೆಂಟ್ ತಪ್ಪಿಸಬೇಡಿ.

ಇನ್ನೊಂದು ಹಳೆಯ ರೂಢಿ ವಾಟರ್ ಸರ್ವಿಸ್ ಮಾಡಿದ ಮೇಲೆ ಕಾರಿನ ಅಡಿಗೆ ಡೀಸೆಲ್ಲೋ ಹಳೆ ಎಂಜಿನ್ ಆಯಿಲ್ಲೋ ಸ್ಪ್ರೇ ಹೊಡೆಸುವುದು. ಲಾರಿಯ ಪಟ್ಟಿ ಸ್ಪ್ರಿಂಗಿನ ಕಾಲದಲ್ಲಿ ಬಂದ ಈ ಕ್ರಮ ಇಂದಿನ ಕಾರಿಗೆ ಹೊಂದುವುದಿಲ್ಲ. ಬುಷ್‌ನ ಸಹಜ ರಬ್ಬರು ಪೆಟ್ರೋಲಿಯಂ ಎಣ್ಣೆ ಹೀರಿ ಊದಿಕೊಂಡು ಮೆತ್ತಗಾಗುತ್ತದೆ. ನಾಲ್ಕು ದಿನ ಸದ್ದು ನಿಂತಂತೆ ಅನ್ನಿಸುವುದು ನಿಜ, ಅದಕ್ಕೇ ಜನ ಇದನ್ನು ನಂಬುತ್ತಾರೆ. ಎಣ್ಣೆಗೆ ಧೂಳು ಅಂಟಿ ಉಜ್ಜುವುದು ಬೇರೆ, ಬ್ರೇಕ್ ಡಿಸ್ಕಿನ ಮೇಲೆ ಹನಿ ಬಿದ್ದರೆ ಅಪಾಯ ಬೇರೆ. ದಯವಿಟ್ಟು ಇದನ್ನು ಮಾಡಿಸಬೇಡಿ.

ಕರಾವಳಿಯವರಿಗೆ ಬೇರೆಯದೇ ಸದ್ದು. ಉಡುಪಿ, ಕಾರವಾರದ ಉಪ್ಪು ಗಾಳಿ ಮೊದಲು ಹಿಡಿಯುವುದು ಅಡಿಯ ಸಣ್ಣ ಬೋಲ್ಟುಗಳನ್ನು. ಸೈಲೆನ್ಸರ್ ಪೈಪಿನ ಬಿಸಿ ಮೇಲಕ್ಕೆ ತಾಗದಂತೆ ಕಾಗದದಷ್ಟು ತೆಳುವಾದ ತಗಡು ಹೊದಿಸಿರುತ್ತಾರೆ. ಅದರ ಬೋಲ್ಟಿನ ಸುತ್ತ ತುಕ್ಕು ತಿಂದರೆ, ಸಿಗ್ನಲ್ಲಿನಲ್ಲಿ ನಿಂತಾಗ ಅಥವಾ ಎಂಜಿನ್ ಒಂದು ನಿರ್ದಿಷ್ಟ ವೇಗಕ್ಕೆ ಬಂದಾಗ ಜರ್ರ್ ಎಂದು ನಡುಗಿ, ವೇಗ ಸ್ವಲ್ಪ ಏರಿದರೆ ನಿಲ್ಲುತ್ತದೆ. ಎಂಜಿನ್ನಿನ ಕಂಪನ ಆ ತಗಡಿನ ಸ್ವಂತ ಕಂಪನಕ್ಕೆ ಸರಿಹೊಂದುವ ಕ್ಷಣ ಅದು. ‘ಎಂಜಿನ್ನೇ ಹೋಯ್ತು’ ಎಂದು ಹೆದರಿಸುವ ಈ ಸದ್ದಿಗೆ ದೊಡ್ಡ ವಾಷರೋ ಪೈಪಿನ ಸುತ್ತ ಒಂದು ಕ್ಲಾಂಪೋ ಸಾಕು. ತಗಡನ್ನೇ ಕಿತ್ತು ಬಿಸಾಡುವ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿ, ಅದರ ಮೇಲಿರುವ ವೈರು, ಪೈಪು, ಕಾರ್ಪೆಟ್ಟನ್ನು ಬಿಸಿಯಿಂದ ಕಾಯುತ್ತಿರುವುದು ಅದೇ.

ಇಲ್ಲಿಯವರೆಗಿನವು ಎರಡು ವಾರ ತಡೆದುಕೊಳ್ಳಬಹುದಾದ ಸದ್ದುಗಳು. ತಡ ಮಾಡಬಾರದಂಥವೂ ಇವೆ. ಬ್ರೇಕ್ ಪ್ಯಾಡ್ ಸವೆದು 2-3 ಮಿಲಿಮೀಟರಿಗೆ ಇಳಿದಾಗ ಡಿಸ್ಕಿಗೆ ತಾಗಿ ಕೀಚಲಿ ಎಂದೇ ಹಲವು ಪ್ಯಾಡ್‌ಗಳಲ್ಲಿ ಒಂದು ಸಣ್ಣ ತಗಡಿನ ನಾಲಿಗೆ ಇಟ್ಟಿರುತ್ತಾರೆ. ಆ ಕೀಚಲು ಧ್ವನಿ ಕೇಳಿದ ವಾರದಲ್ಲೇ ಪ್ಯಾಡ್ ಬದಲಿಸಿ. ಅದನ್ನೂ ದಾಟಿ ಕರಕರ ಉಜ್ಜುವ ಸದ್ದು ಬಂತೆಂದರೆ ಉಕ್ಕಿಗೆ ಉಕ್ಕು ತಾಗುತ್ತಿದೆ, ಅಂಥ ಕಾರನ್ನು ಘಾಟಿಗೆ ಇಳಿಸಬಾರದು. ಮಳೆಗಾಲದ ಬೆಳಿಗ್ಗೆ ಮೊದಲ ಎರಡು ಮೂರು ಬ್ರೇಕಿಗೆ ಮಾತ್ರ ಬರುವ ಗೊರಗೊರ ಬೇರೆ, ಅದು ರಾತ್ರಿ ಡಿಸ್ಕಿನ ಮೇಲೆ ಕೂತ ತೆಳು ತುಕ್ಕು, ತಾನೇ ಹೋಗುತ್ತದೆ. ಹಾಗೆಯೇ ಜಲ್ಲಿ ರಸ್ತೆಯಲ್ಲಿ ಇದ್ದಕ್ಕಿದ್ದಂತೆ ಎದೆ ನಡುಗಿಸುವಂತೆ ಕಿರುಚಿದರೆ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಕಲ್ಲು ಸಿಕ್ಕಿರಬಹುದು. ಸುರಕ್ಷಿತ ಜಾಗ ನೋಡಿ ನಿಧಾನವಾಗಿ ಹಿಂದಕ್ಕೆ, ಮತ್ತೆ ಮುಂದಕ್ಕೆ ಚಲಿಸಿದರೆ ಸಾಮಾನ್ಯವಾಗಿ ಬಿದ್ದುಹೋಗುತ್ತದೆ.

ವೀಲ್ ಬೇರಿಂಗಿನದು ಗುಂಯ್ ಎನ್ನುವ ಮೊರೆತ, ವೇಗದ ಜತೆ ಏರುತ್ತದೆ. ಟೈರಿನ ಸದ್ದೂ ಹೀಗೇ ಇರುವುದರಿಂದ ಜನ ವರ್ಷಗಟ್ಟಲೆ ಗೊಂದಲದಲ್ಲಿರುತ್ತಾರೆ. ಕಾಂಕ್ರೀಟ್ ರಸ್ತೆ ಮುಗಿದು ಡಾಂಬರು ಶುರುವಾಗುವಲ್ಲಿ ಕಿವಿಗೊಡಿ. ಸದ್ದು ಬದಲಾದರೆ ಟೈರು, ಬದಲಾಗದಿದ್ದರೆ ಬೇರಿಂಗ್. ಉದ್ದನೆಯ ಎಡ ತಿರುವಿನಲ್ಲಿ ಭಾರ ಬಲಚಕ್ರಗಳ ಮೇಲೆ ಬೀಳುತ್ತದೆ, ಆಗ ಮೊರೆತ ಜೋರಾದರೆ ಬಲಗಡೆಯ ಬೇರಿಂಗ್ ನೋಡಿಸಿ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಟಕ್ ಟಕ್ ಟಕ್ ಎಂದು ಲಯವಾಗಿ ಬಂದರೆ ಆಕ್ಸಲಿನ ಹೊರತುದಿಯ ಜಾಯಿಂಟು. ಅದರ ರಬ್ಬರ್ ಬೂಟು ಹರಿದ ದಿನವೇ ಬದಲಿಸಿದ್ದರೆ ಜಾಯಿಂಟು ಉಳಿಯುತ್ತಿತ್ತು. ಟೈರ್ ಬದಲಿಸಿದ ಮರುದಿನ ಚಕ್ರದಿಂದ ಬಡಿತ ಬಂದರೆ ಅಲ್ಲೇ ನಿಲ್ಲಿಸಿ ನಟ್ಟುಗಳನ್ನು ನೋಡಿ. ಬಿಚ್ಚಿ ಹಾಕಿದ ಚಕ್ರದ ನಟ್ಟುಗಳನ್ನು ಸುಮಾರು 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿತ ನೋಡುವುದು ಒಳ್ಳೆಯ ಕ್ರಮ.

ಹೊಸ ಕಾರು, ಅದರಲ್ಲೂ ಬ್ಯಾಟರಿ ಕಾರು ಕೊಂಡವರು ‘ಹಳೆ ಕಾರಿನಲ್ಲಿ ಇಷ್ಟು ಸದ್ದು ಇರಲಿಲ್ಲ’ ಎನ್ನುವುದುಂಟು. ಇದ್ದಿರಬಹುದು, ಎಂಜಿನ್ನಿನ ಅಬ್ಬರದಲ್ಲಿ ಮುಚ್ಚಿಹೋಗಿತ್ತು. 1958ರಲ್ಲಿ ಡೇವಿಡ್ ಒಗಿಲ್ವಿ ರೋಲ್ಸ್ ರಾಯ್ಸ್ ಕಾರಿಗೆ ಬರೆದ ಜಾಹೀರಾತು ಇಂದಿಗೂ ಹೆಸರುವಾಸಿ. ಗಂಟೆಗೆ 60 ಮೈಲಿ ವೇಗದಲ್ಲೂ ಆ ಕಾರಿನೊಳಗೆ ಎಲ್ಲಕ್ಕಿಂತ ಜೋರಾಗಿ ಕೇಳುವುದು ವಿದ್ಯುತ್ ಗಡಿಯಾರದ ಸದ್ದು ಎಂಬುದು ಅದರ ಸಾರ. ದೊಡ್ಡ ಸದ್ದು ತಗ್ಗಿದಷ್ಟೂ ಸಣ್ಣದು ಮೇಲೆದ್ದು ಬರುತ್ತದೆ. ಕಾರು ಕಂಪನಿಗಳು ನಾಲ್ಕು ಚಕ್ರಗಳ ಕೆಳಗೆ ನಾಲ್ಕು ಕಂಬಗಳಿಟ್ಟು ಕಾರನ್ನು ಗಂಟೆಗಟ್ಟಲೆ ಕುಲುಕಿ ಇಂಥ ಸದ್ದು ಹುಡುಕುತ್ತವೆ. ಹೊಸ ಕಾರಿನ ಕಟಕಟವನ್ನು ವಾರಂಟಿ ಇರುವಾಗಲೇ ಲಿಖಿತವಾಗಿ ದಾಖಲಿಸುವುದು ಮಾಲೀಕರ ಹಕ್ಕು, ‘ಎಲ್ಲಾ ಗಾಡಿಯಲ್ಲೂ ಹೀಗೇ ಸಾರ್’ ಎಂಬ ಉತ್ತರ ಕೇಳಿ ಹಿಂತಿರುಗಬೇಕಾಗಿಲ್ಲ.

ಗ್ಯಾರೇಜಿಗೆ ಹೋಗುವಾಗ ಸದ್ದಿನ ಹೆಸರಿಗಿಂತ ಸದ್ದಿನ ಸಂದರ್ಭ ಒಯ್ಯಿರಿ. ‘ಲಿಂಕ್ ರಾಡ್ ಹಾಕಿ’ ಎಂದರೆ ಅವರು ಲಿಂಕ್ ರಾಡ್ ಹಾಕುತ್ತಾರೆ, ಸದ್ದು ಹೋಗಲಿ ಬಿಡಲಿ ಬಿಲ್ ನಿಮ್ಮದು. ‘20ರ ವೇಗದಲ್ಲಿ, ಎಡಚಕ್ರ ಹೊಂಡಕ್ಕೆ ಬಿದ್ದಾಗ, ಬ್ರೇಕ್ ಒತ್ತದೆ ಇದ್ದಾಗ’ ಎಂದು ಹೇಳಿದರೆ ಅವರು ಯೋಚಿಸಲು ಶುರುಮಾಡುತ್ತಾರೆ. ಪಕ್ಕದವರ ಫೋನಿನಲ್ಲಿ ಸದ್ದನ್ನು ರೆಕಾರ್ಡ್ ಮಾಡಿಸಿಟ್ಟುಕೊಳ್ಳಿ. ಸಾಧ್ಯವಿದ್ದರೆ ಕೌಂಟರಿನವರ ಬದಲು ಕೆಲಸ ಮಾಡುವ ಮೆಕ್ಯಾನಿಕ್ಕನ್ನೇ ಕಾರಿನಲ್ಲಿ ಕೂರಿಸಿಕೊಂಡು, ಸದ್ದು ಬಂದೇ ಬರುವ ರಸ್ತೆಯಲ್ಲಿ ಒಂದು ಸುತ್ತು ಹೋಗಿ. ಸ್ಟೇರಿಂಗ್ ಅವರ ಕೈಗೆ ಕೊಟ್ಟು ನೀವು ಹಿಂದೆ ಕೂರಿ. ಹತ್ತು ನಿಮಿಷದ ಈ ಓಡಾಟದಲ್ಲಿ ತಿಳಿಯುವುದು ಅರ್ಧ ದಿನ ಬಿಚ್ಚಿ ನೋಡಿದರೂ ತಿಳಿಯದು, ಏಕೆಂದರೆ ಲಿಫ್ಟಿನ ಮೇಲೆ ನೇತಾಡುವ ಕಾರು ಸದ್ದು ಮಾಡುವುದಿಲ್ಲ. ಒಂದು ಸಲಕ್ಕೆ ಒಂದೇ ಭಾಗ ಬದಲಿಸಲಿ, ಜೋಡಿ ಭಾಗವಾದರೆ ಒಂದು ಜೊತೆ. ಬಿಚ್ಚಿದ ಹಳೆಯದನ್ನು ಕೇಳಿ ತೆಗೆದುಕೊಂಡು ಕೈಯಲ್ಲಿ ಅಲುಗಿಸಿ ನೋಡಿ. ಬಿಲ್ ಕೊಡುವ ಮೊದಲು ಅದೇ ಮೆಕ್ಯಾನಿಕ್ ಜತೆ, ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ ಇನ್ನೊಂದು ಸುತ್ತು ಹೋಗಿ ಬನ್ನಿ.